ಪ್ರತಿಕ್ರಿಯೆ: ಬೂತಾಯಿ ಒಂದು ವರ್ಷ ರಾಶಿ, ಇನ್ನೊಂದು ವರ್ಷ ಮಾಯ ಯಾಕೆ?

ನಮಸ್ಕಾರ. ಬೂತಾಯಿ, ಅಂದರೆ ನಮ್ಮ ಕರಾವಳಿಯ ಸಾರ್ಡೀನ್ ಮೀನು, ಕೆಲವು ವರ್ಷ ಸಿಗುವುದೇ ಇಲ್ಲವಲ್ಲ, ಎಲ್ಲಾ ಹಿಡಿದು ಮುಗಿಸಿದರಾ ಎಂದು ಕೇಳಿದ್ದೀರಿ. ಹಿಡಿಯುವುದೂ ಒಂದು ಕಾರಣ. ಆದರೆ ಅದೊಂದೇ ಅಲ್ಲ.

ಬೂತಾಯಿಯ ಆಯುಸ್ಸು ಎರಡೂವರೆ ವರ್ಷ ಅಷ್ಟೇ. ಒಂದೇ ವರ್ಷದಲ್ಲಿ ಸುಮಾರು 15 ಸೆಂಟಿಮೀಟರ್ ಬೆಳೆದು ಮೊಟ್ಟೆ ಇಡಲು ತಯಾರಾಗುತ್ತದೆ. ಹಾಗಾಗಿ ನಾವು ತಿನ್ನುವ ಮೀನು ಹೆಚ್ಚಾಗಿ ಕಳೆದ ಒಂದೆರಡು ಮಳೆಗಾಲದ ಮರಿಗಳೇ. ಒಂದು ಮಳೆಗಾಲ ಕೈಕೊಟ್ಟರೂ ಬಲೆ ಖಾಲಿ.

ಮಳೆಗಾಲದಲ್ಲಿ ಕಡಲಿನ ಅಡಿಯ ತಣ್ಣನೆಯ ನೀರು ಮೇಲೆ ಬರುತ್ತದೆ. ಅದರ ಜೊತೆ ಸತ್ವವೂ ಬರುತ್ತದೆ. ಆಗ ಕಣ್ಣಿಗೆ ಕಾಣದ ಪಾಚಿ, ಅಂದರೆ ಡಯಾಟಮ್, ಜಾಸ್ತಿ ಬೆಳೆಯುತ್ತದೆ. ಬೂತಾಯಿಗೆ ಅದೇ ಮುಖ್ಯ ಊಟ. ಮಳೆಗಾಲ ಮುಗಿದ ಮೇಲೆ ಸಿಗುವ ಮೀನಿನಲ್ಲಿ ಎಣ್ಣೆ ಜಾಸ್ತಿ ಇರುವುದೂ ಇದರಿಂದಲೇ. ಸಾರಿನ ಮೇಲೆ ತೇಲುತ್ತದಲ್ಲ, ಅದೇ! ನೀರು ಬಿಸಿಯಾದ ವರ್ಷ ಈ ಲೆಕ್ಕವೆಲ್ಲ ತಪ್ಪುತ್ತದೆ. 2012ರಲ್ಲಿ ಕೇರಳದಲ್ಲಿ ದಾಖಲೆ ಪ್ರಮಾಣದಲ್ಲಿ ಸಿಕ್ಕ ಮೀನು, 2015ರ ಎಲ್ ನಿನೋ (ಪೆಸಿಫಿಕ್ ಸಾಗರದ ನೀರು ಮಾಮೂಲಿಗಿಂತ ಬಿಸಿಯಾಗುವುದು) ಹೊತ್ತಿಗೆ ತೀರಾ ಕುಸಿದಿತ್ತು.

ನನಗೆ ನಿಜಕ್ಕೂ ಬೇಸರ ತರಿಸುವುದು ಮರಿ ಹಿಡಿಯುವುದು. ಬೂತಾಯಿ ದೊಡ್ಡ ಗುಂಪಾಗಿ ದಡದ ಹತ್ತಿರವೇ ಓಡಾಡುತ್ತದೆ. ಪರ್ಸಿನ್ ಬಲೆ, ಅಂದರೆ ಗುಂಪನ್ನು ಸುತ್ತುವರಿದು ಅಡಿಯನ್ನು ಚೀಲದ ಬಾಯಿಯಂತೆ ಬಿಗಿಯುವ ದೊಡ್ಡ ಬಲೆ, ಸುತ್ತು ಹಾಕಿದರೆ ಇಡೀ ಗುಂಪೇ ಒಳಗೆ. ಬೆರಳುದ್ದದ ಮರಿಗಳು ಫಿಶ್‌ಮೀಲ್ (ಮೀನಿನ ಪುಡಿ) ಕಾರ್ಖಾನೆಗೆ ಹೋಗುತ್ತವೆ. ಕೇರಳದಲ್ಲಿ 10 ಸೆಂಟಿಮೀಟರ್‌ಗಿಂತ ಸಣ್ಣದನ್ನು ಹಿಡಿಯುವಂತಿಲ್ಲ. ನೀವೂ ಕೊಳ್ಳುವಾಗ ಅಂಗೈ ಅಗಲಕ್ಕಿಂತ ಉದ್ದ ಇದೆಯಾ ನೋಡಿ, ತೀರಾ ಸಣ್ಣದಿದ್ದರೆ ಬೇಡ ಅನ್ನಿ.