ನಲವತ್ತು ಪುಟಕ್ಕೇ ಪುಸ್ತಕ ಮುಚ್ಚಿಡುತ್ತೇನೆ, ನನ್ನ ಓದು ಕೆಟ್ಟಿತಾ?

ಪ್ರಶ್ನೆ: ನನಗೆ 38 ವರ್ಷ, ಹೈಸ್ಕೂಲಿನಲ್ಲಿ ಗಣಿತ ಟೀಚರ್. ಡಿಗ್ರಿ ಓದುವಾಗ ಲೈಬ್ರರಿಯಿಂದ ತಂದ ದಪ್ಪ ಕಾದಂಬರಿಗಳನ್ನು ಎರಡೇ ದಿನದಲ್ಲಿ ಮುಗಿಸುತ್ತಿದ್ದೆ. ಈಗ ಹೊಸ ಕಾದಂಬರಿ ಕೊಂಡರೆ ನಲವತ್ತು ಪುಟಕ್ಕೆ ನಿಂತುಬಿಡುತ್ತದೆ. ಎಲ್ಲರೂ ಹೊಗಳುವ ‘ತೇಜೋ ತುಂಗಭದ್ರಾ’ವನ್ನೂ ಎರಡು ಸಲ ಶುರು ಮಾಡಿ ಬಿಟ್ಟೆ. ಮನೆ, ಅಡುಗೆಮನೆ, ಗಂಡ-ಹೆಂಡತಿ, ದುಡ್ಡಿನ ತಾಪತ್ರಯದ ಸಣ್ಣ ಕತೆಗಳಾದರೆ ಮಾತ್ರ ಕೂತಲ್ಲೇ ಓದಿ ಮುಗಿಸುತ್ತೇನೆ. ಜೊತೆಗೆ ಕೊನೆಯ ಪುಟ ಮೊದಲು ನೋಡುವ ಚಟ ಬೇರೆ. ನನ್ನ ಅಭಿರುಚಿ ಕುಗ್ಗಿತಾ?
– ದಾವಣಗೆರೆಯ ಓದುಗರು

ಉತ್ತರ: ಖಂಡಿತ ಇಲ್ಲ ಮೇಡಂ. ನಿಮಗೆ ಏನು ಬೇಕು ಅನ್ನೋದು ಈಗ ನಿಮಗೇ ಗೊತ್ತಾಗಿದೆ, ಅಷ್ಟೆ. ಇಪ್ಪತ್ತರ ವಯಸ್ಸಿನಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಓದುತ್ತೇವೆ, ಯಾಕಂದರೆ ಆಗ ಹೊತ್ತೂ ಇರುತ್ತದೆ, ಯಾವುದು ನಮ್ಮದು ಅಂತ ಗೊತ್ತೂ ಇರುವುದಿಲ್ಲ.

ಪುಸ್ತಕ ಅರ್ಧಕ್ಕೆ ಬಿಟ್ಟರೆ ತಪ್ಪೇನಿಲ್ಲ. ಆದರೆ ಎಲ್ಲಿ ಬಿಟ್ಟಿರಿ, ಯಾಕೆ ಬಿಟ್ಟಿರಿ ಅಂತ ನೋಡದೆ ಕಪಾಟಿಗೆ ಸೇರಿಸಬೇಡಿ. ಪುಸ್ತಕ ವಿಮರ್ಶೆ ಬರೆಯುವ ನನಗೂ ಎಷ್ಟೋ ಕಾದಂಬರಿ ಮುಗಿಯುವುದಿಲ್ಲ. ಬಿಟ್ಟ ಪುಟದಲ್ಲಿ ಒಂದು ಚೀಟಿ ಇಡುತ್ತೇನೆ, ಹಳೇ ಬಸ್ ಟಿಕೆಟ್ ಆದರೂ ನಡೆಯುತ್ತದೆ, ಅದರ ಹಿಂದೆ ಒಂದೇ ಸಾಲು ಬರೆದಿರುತ್ತೇನೆ. ಮೊನ್ನೆ ಕಪಾಟು ಒರೆಸುವಾಗ ಎರಡು ಸಿಕ್ಕವು. ಒಂದರಲ್ಲಿ, ‘ಪುಟ 61. ಮೂವರು ಮಾತಾಡುತ್ತಿದ್ದಾರೆ, ಮೂವರದ್ದೂ ಒಂದೇ ದನಿ.’ ಇನ್ನೊಂದರಲ್ಲಿ, ‘ಪುಟ 112. ನಿದ್ದೆ.’ ಮೊದಲನೆಯದು ಪುಸ್ತಕದ ಕೊರತೆ, ಅದನ್ನು ಮತ್ತೆ ಮುಟ್ಟಲಿಲ್ಲ. ಎರಡನೆಯದು ನನ್ನ ಸುಸ್ತು. ಅದನ್ನು ಒಂದು ಭಾನುವಾರ ಬೆಳಿಗ್ಗೆ ಮತ್ತೆ ತೆಗೆದೆ, ಸಂಜೆಯೊಳಗೆ ಮುಗಿಯಿತು. ನಿಮ್ಮ ನಲವತ್ತು ಪುಟಗಳಲ್ಲೂ ಈ ಎರಡು ಜಾತಿ ಇರಬಹುದು, ಬೇರೆ ಮಾಡಿ ನೋಡಿ.

‘ತೇಜೋ ತುಂಗಭದ್ರಾ’ ವಿಷಯಕ್ಕೆ ಬರೋಣ. ವಸುಧೇಂದ್ರ ಅವರ ಈ ಕಾದಂಬರಿ 2019ರಲ್ಲಿ ಬಂತು. ಶುರುವಾಗುವುದು ಲಿಸ್ಬನ್ ನಗರದಲ್ಲಿ, ಹದಿನೈದನೇ ಶತಮಾನದ ಕೊನೆಗೆ. ಪರದೇಶ, ಪರಿಚಯವಿಲ್ಲದ ಹೆಸರುಗಳು, ಹಡಗು, ಮೆಣಸಿನ ವ್ಯಾಪಾರ. ತುಂಗಭದ್ರೆ ದಡದ ಊರಿಗೆ ಬರುವತನಕ ಸ್ವಲ್ಪ ಕಾಯಬೇಕು. ಅಡುಗೆಮನೆಯ ಜಗಳ ಇಷ್ಟಪಡುವ ಓದುಗರು ಅಷ್ಟರಲ್ಲೇ ಸುಸ್ತಾಗುವುದು ಸಹಜ ಅಲ್ವಾ? ಆದರೆ ಅಲ್ಲೂ ಗಂಡು-ಹೆಣ್ಣಿನ ಪ್ರೀತಿ ಇದೆ, ಧರ್ಮದ ಹೆಸರಲ್ಲಿ ಮನೆ ಬಿಟ್ಟು ಓಡಬೇಕಾದವರ ಸಂಕಟ ಇದೆ. ನೀವು ಹುಡುಕುವ ಮನೆ ಅಲ್ಲೂ ಇದೆ, ಬಾಗಿಲು ಸ್ವಲ್ಪ ದೂರ.

ಸಣ್ಣ ಕತೆ ಇಷ್ಟ ಅನ್ನುವುದಕ್ಕೆ ಸಂಕೋಚ ಯಾಕೆ? 2025ರಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಪ್ರಶಸ್ತಿ ಬಂದಿದ್ದು ಕನ್ನಡದ ಸಣ್ಣ ಕತೆಗಳಿಗೆ. ಬಾನು ಮುಷ್ತಾಕ್ ಬರೆದಿದ್ದು, ದೀಪಾ ಭಾಸ್ತಿ ಇಂಗ್ಲಿಷಿಗೆ ತಂದಿದ್ದು, ಒಟ್ಟು 12 ಕತೆ. ಅದಕ್ಕೂ ಮುಂಚೆ ಆ ಪ್ರಶಸ್ತಿ ಯಾವ ಕಥಾಸಂಕಲನಕ್ಕೂ ಹೋಗಿರಲಿಲ್ಲ. ಆ ಕತೆಗಳಲ್ಲಿ ಒಂದಾದ ‘ಎದೆಯ ಹಣತೆ’ ಓದಿಲ್ಲದಿದ್ದರೆ ಈ ವಾರವೇ ಓದಿ. ಗಂಡ ಕೈಬಿಟ್ಟ ಹೆಂಗಸು, ಆಸರೆ ಕೊಡದ ತವರು, ಸೀಮೆಎಣ್ಣೆ, ಬೆಂಕಿಪೊಟ್ಟಣ, ತಾಯಿಯನ್ನು ಹಿಡಿದು ನಿಲ್ಲಿಸುವ ದೊಡ್ಡ ಮಗಳು. ನಾಲ್ಕು ಗೋಡೆಯೊಳಗಿನ ಕತೆಯೇ. ಓದಿದ ಮೇಲೆ ಅದನ್ನು ಸಣ್ಣದು ಅನ್ನಲು ನನಗಂತೂ ಬಾಯಿ ಬರುವುದಿಲ್ಲ.

ಕತೆಗೂ ದಪ್ಪ ಕಾದಂಬರಿಗೂ ನಡುವೆ ಒಂದು ಮೆಟ್ಟಿಲು ಬೇಕಾದರೆ ವಿವೇಕ ಶಾನಭಾಗರ ‘ಘಾಚರ್ ಘೋಚರ್’ ತಗೊಳ್ಳಿ. ಒಂದೇ ಸಂಜೆಗೆ ಮುಗಿಯುವಷ್ಟು ಉದ್ದ. ಮಧ್ಯಮ ವರ್ಗದ ಮನೆಗೆ ಇದ್ದಕ್ಕಿದ್ದಂತೆ ದುಡ್ಡು ಬಂದರೆ ಅಪ್ಪ, ಅಮ್ಮ, ಅಕ್ಕ, ಚಿಕ್ಕಪ್ಪ, ಹೊಸದಾಗಿ ಬಂದ ಸೊಸೆ ಇವರೆಲ್ಲರ ನಡುವಿನ ತೂಕ ಹೇಗೆ ಬದಲಾಗುತ್ತದೆ ಅನ್ನುವುದೇ ಕತೆ. ಆ ಮನೆಯಲ್ಲಿ ಇರುವೆಗಳ ಕಾಟ ಬರುತ್ತದೆ ನೋಡಿ, ಅಲ್ಲಿ ನಿಧಾನವಾಗಿ ಓದಿ. ಇರುವೆ ಕೊಲ್ಲುವ ಆ ಜನರ ಹುಮ್ಮಸ್ಸು ಮುಂದೆ ಮನುಷ್ಯರ ವಿಷಯದಲ್ಲೂ ನೆನಪಾಗುತ್ತದೆ, ನನಗೆ ಮೈ ಜುಮ್ಮೆಂದಿತ್ತು.

ಕೊನೆಯ ಪುಟದ ಚಟಕ್ಕೂ ಇಲ್ಲೇ ಉತ್ತರ ಇದೆ. ಕೊನೆ ಗೊತ್ತಾದರೆ ಕೆಲವರಿಗೆ ಆತಂಕ ಕಮ್ಮಿಯಾಗಿ ಓದು ಸಲೀಸಾಗುತ್ತದೆ, ದೊಡ್ಡ ಐತಿಹಾಸಿಕ ಕಾದಂಬರಿಗೆ ಹಾಗೆ ಮಾಡಿದರೆ ನಷ್ಟ ಜಾಸ್ತಿ ಇಲ್ಲ. ಆದರೆ ‘ಘಾಚರ್ ಘೋಚರ್’ಗೆ ದಯವಿಟ್ಟು ಮಾಡಬೇಡಿ. ಅದರ ಕೊನೆಯ ಸಾಲುಗಳಿಗೆ ಹಿಂದಿನ ಅಷ್ಟೂ ಪುಟಗಳ ಭಾರ ಬೇಕು, ಮೊದಲೇ ಓದಿದರೆ ಅವು ಸುಮ್ನೆ ಎರಡು ಮಾತು ಅನಿಸಿಬಿಡುತ್ತವೆ. ಕೈ ತಡೆಯದಿದ್ದರೆ ಕೊನೆಯ ಪುಟಗಳಿಗೆ ಒಂದು ಕ್ಲಿಪ್ ಹಾಕಿಡಿ.

ಇನ್ನೊಂದು ಮಾತು. ನೀವು ಓದುವ ಹೊತ್ತು ಯಾವುದು ಅಂತ ಬರೆದಿಲ್ಲ. ಪೇಪರ್ ತಿದ್ದಿ, ಅಡುಗೆ ಮುಗಿಸಿ, ಮಲಗುವ ಮುಂಚೆ ಅಂತಾದರೆ ಆ ಹೊತ್ತು ಕತೆಗಳಿಗೇ ಇರಲಿ. ಲಿಸ್ಬನ್ನಿನ ಹಡಗು ಬೇಸಿಗೆ ರಜೆಗೆ ಹೊರಡಲಿ. ಬೆಳಿಗ್ಗೆ ತಿಂಡಿಯಾದ ಮೇಲೆ, ಫೋನ್ ಇನ್ನೊಂದು ಕೋಣೆಯಲ್ಲಿಟ್ಟು, ಒಂದೇ ಸಲಕ್ಕೆ ನೂರು ಪುಟ ಓದಿ ನೋಡಿ. ಆಮೇಲೂ ಹಿಡಿಸದಿದ್ದರೆ ಚೀಟಿ ಇಟ್ಟು ಮುಚ್ಚಿ, ಅದರ ಹಿಂದೆ ಏನು ಬರೆದಿರಿ ಅಂತ ನನಗೂ ತಿಳಿಸಿ.