ಸಿಗಡಿ ಮೇವಿಗೆ ಮನೆ ಮೊಸರು ಬೆರೆಸಬಹುದಾ?

ಪ್ರಶ್ನೆ: ನಮ್ಮದು ಜಮಖಂಡಿ ತಾಲ್ಲೂಕು. ಕಬ್ಬಿಗೆ ನೀರು ಹಾಯಿಸಿ ಹಾಯಿಸಿ ಹೊಲ ಸವಳು ಬಿದ್ದಿದೆ. ಅಲ್ಲೇ ಹೊಂಡ ತೋಡಿಸಿ ವನ್ನಾಮಿ ಸಿಗಡಿ ಬಿಟ್ಟಿದ್ದೇವೆ. ಮೇವಿಗೆ ಪ್ರೋಬಯಾಟಿಕ್ (ಒಳ್ಳೆ ಬ್ಯಾಕ್ಟೀರಿಯಾ ಇರುವ) ಪುಡಿ ಬೆರೆಸಿದರೆ ಯಾವ ರೋಗವೂ ಬರಲ್ಲ ಅಂತಾರೆ ಅಂಗಡಿಯವರು. ಪುಡಿ ದುಬಾರಿ. ಮನೆ ಮೊಸರು ಹಾಕಿದರೆ ನಡೆಯುತ್ತಾ?

ಉತ್ತರ: ಅಂಗಡಿಯವರ ಮಾತು ಅರ್ಧ ಮಾತ್ರ ನಂಬಿ. ಸಿಗಡಿಯ ಮೈಯಲ್ಲಿ ನಮ್ಮ ಹಾಗೆ ರೋಗದ ವಿರುದ್ಧ ಹೋರಾಡುವ ಪ್ರತಿಕಾಯ ಹುಟ್ಟಲ್ಲ. ಹಾಗಾಗಿ ಕರುಳು ಗಟ್ಟಿಯಿರೋದು ಬಹಳ ಮುಖ್ಯ, ಪ್ರೋಬಯಾಟಿಕ್ ಕೆಲಸ ಮಾಡೋದೂ ಅಲ್ಲೇ. ಬ್ಯಾಸಿಲಸ್‌ನಂಥ ಒಳ್ಳೆ ಬ್ಯಾಕ್ಟೀರಿಯಾ ಮೊದಲೇ ಜಾಗ ಹಿಡಿದು ಕೂತರೆ ರೋಗ ತರುವ ವಿಬ್ರಿಯೋಗೆ ನೆಲೆ ಸಿಗೋದು ಕಷ್ಟ, ಮೇವೂ ಚೆನ್ನಾಗಿ ಅರಗುತ್ತೆ. ಆದರೆ ಬಿಳಿ ಚುಕ್ಕೆ ವೈರಸ್ ಹೊಕ್ಕರೆ 3ರಿಂದ 10 ದಿನದಲ್ಲಿ ಹೊಂಡ ಖಾಲಿಯಾಗಬಹುದು, ಅದನ್ನು ಯಾವ ಪುಡಿಯೂ ವಾಸಿ ಮಾಡಲ್ಲ. ಪಿಸಿಆರ್ ಪರೀಕ್ಷೆಯಲ್ಲಿ (ವೈರಸ್ ಪತ್ತೆ ಮಾಡುವ ಲ್ಯಾಬ್ ಪರೀಕ್ಷೆ) ವೈರಸ್ ಇಲ್ಲ ಅಂತ ಬಂದ ಮರಿಯನ್ನೇ ತರಬೇಕು.

ಮೊಸರು ರೊಟ್ಟಿ ಜೊತೆಗೇ ಇರಲಿ. ಅದರಲ್ಲಿ ಯಾವ ಬ್ಯಾಕ್ಟೀರಿಯಾ ಎಷ್ಟಿದೆ ಅನ್ನೋ ಲೆಕ್ಕ ಸಿಗಲ್ಲ, ಉಳಿದದ್ದು ಹೊಂಡದಲ್ಲಿ ಕೊಳೆಯುತ್ತೆ. ಬ್ಯಾಸಿಲಸ್ ಬೀಜಕಣದ ರೂಪದಲ್ಲಿರೋದರಿಂದ ಒಣ ಪುಡಿಯಲ್ಲೂ ಬಹಳ ದಿನ ಬದುಕಿರುತ್ತೆ.

ಬೆರೆಸುವಾಗ ಒಂದು ಹೊತ್ತಿನ ಮೇವನ್ನಷ್ಟೇ ನೆರಳಲ್ಲಿ ತಾಡಪತ್ರಿ ಮೇಲೆ ಹರವಿ. ಪ್ಯಾಕೆಟ್ ಮೇಲೆ ಬರೆದಷ್ಟೇ ಪುಡಿ, ಸ್ವಲ್ಪ ನೀರಲ್ಲಿ ಕಲಸಿ ಚಿಮುಕಿಸಿ. ಕ್ಲೋರಿನ್ ಹಾಕಿದ ನಲ್ಲಿ ನೀರು ಬೇಡ, ಪ್ರೋಬಯಾಟಿಕ್ಕೇ ಸತ್ತುಹೋಗುತ್ತೆ. ಮೇಲೆ ಮೊಟ್ಟೆಯ ಬಿಳಿ ಲೋಳೆ ಇಲ್ಲವೇ ಮೀನೆಣ್ಣೆ ಸವರಿ ಅರ್ಧ ಗಂಟೆ ಆರಲು ಬಿಡಿ, ಇಲ್ಲದಿದ್ದರೆ ನೀರಿಗೆ ಬಿದ್ದ ಕೂಡಲೇ ಎಲ್ಲಾ ತೊಳೆದು ಹೋಗುತ್ತೆ. ಜೊತೆಗೆ ಆ್ಯಂಟಿಬಯಾಟಿಕ್ ಕೊಟ್ಟರೆ ಅದು ಒಳ್ಳೆ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತೆ, ದುಡ್ಡು ನೀರಿಗೆ ಸುರಿದಂತೆ.

ಚೆಕ್ ಟ್ರೇ (ಮೇವು ತಿಂದಿವೆಯಾ ಅಂತ ನೋಡಲು ಹೊಂಡದಲ್ಲಿ ಇಳಿಬಿಡುವ ತಟ್ಟೆ) ಎತ್ತಿದಾಗ ಒಂದು ಸಿಗಡಿಯನ್ನು ಬೆಳಕಿಗೆ ಹಿಡಿದು ನೋಡಿ. ಬೆನ್ನಿನುದ್ದಕ್ಕೂ ಕಂದು ಗೆರೆ ತುಂಬಿ ಕಾಣಬೇಕು. ಗೆರೆ ಕಡಿದುಕಡಿದು ಇದ್ದರೆ, ಬೆಳ್ಳಗಾಗಿದ್ದರೆ, ನೀರ ಮೇಲೆ ಬಿಳಿ ದಾರದಂಥ ಹಿಕ್ಕೆ ತೇಲಿದರೆ ಕರುಳು ಕೆಟ್ಟಿದೆ, ಮೇವು ಕಡಿಮೆ ಮಾಡಿ.

ನೀವು ಕೇಳದ ಒಂದು ಮಾತು. ಸವಳು ನೀರಲ್ಲಿ ಉಪ್ಪು ಸಾಕಷ್ಟಿದ್ದರೂ ಪೊಟ್ಯಾಸಿಯಂ ಸಾಮಾನ್ಯವಾಗಿ ಕಡಿಮೆ. ಆಗ ಪೊರೆ ಬಿಟ್ಟ ಸಿಗಡಿ ಸಾಯ್ತವೆ, ಜನ ರೋಗ ಅಂದುಕೊಂಡು ಪುಡಿ ಜಾಸ್ತಿ ಹಾಕ್ತಾರೆ. ಮೊದಲು ನೀರು ಪರೀಕ್ಷೆ ಮಾಡಿಸಿ, ಪುಡಿಯ ಮಾತು ಆಮೇಲೆ.

ಪ್ರಶ್ನೆ: ಬೆಲ್ಲದ ನೀರಲ್ಲಿ ಪ್ರೋಬಯಾಟಿಕ್ ಬೆಳೆಸಿ ಹೊಂಡಕ್ಕೆ ಸುರಿಯಬಹುದಾ? (ಅಥಣಿಯ ಓದುಗರು)

ಉತ್ತರ: ನೀರಿಗೆಂದೇ ಮಾಡಿದ ಪುಡಿಯಾದರೆ ಸರಿ, ಮೇವಿನದು ಬೇರೆ. ಬಿಸಿಲೇರಿದ ಮೇಲೆ, ಏರೇಟರ್ (ನೀರಿಗೆ ಗಾಳಿ ಬೆರೆಸುವ ಯಂತ್ರ) ಓಡುವಾಗಲೇ ಸುರಿಯಿರಿ. ಬೆಲ್ಲ ತಿಂದು ಬೆಳೆಯುವ ಬ್ಯಾಕ್ಟೀರಿಯಾ ಆಮ್ಲಜನಕವನ್ನೂ ಎಳೆದುಕೊಳ್ಳುತ್ತೆ, ರಾತ್ರಿ ಕರೆಂಟ್ ಹೋದರೆ ಬೆಳಗಿನ ಜಾವಕ್ಕೆ ಸಿಗಡಿ ಸತ್ತಿರ್ತವೆ. ಜನರೇಟರ್ ಇಲ್ಲದವರು ಇದಕ್ಕೆ ಕೈ ಹಾಕದಿರೋದೇ ಒಳ್ಳೇದು.