ಲಾಗ್‌ನಲ್ಲಿ ಪರರ ವಿಳಾಸ: ಪ್ರಾಕ್ಸಿ ತೆರೆದಿದೆಯೇ?

ಪ್ರಶ್ನೆ: ನಮ್ಮ ಅಪಾಚೆ ವೆಬ್ ಸರ್ವರ್‌ನ ಆಕ್ಸೆಸ್ ಲಾಗ್‌ನಲ್ಲಿ (ಬಂದ ಕೋರಿಕೆಗಳ ದಾಖಲೆಯಲ್ಲಿ) ನಮಗೆ ಸಂಬಂಧವೇ ಇಲ್ಲದ ಜಾಲತಾಣಗಳ ಪೂರ್ಣ ವಿಳಾಸವಿರುವ ಕೋರಿಕೆಗಳು ಕಾಣುತ್ತಿವೆ. ಎಲ್ಲಕ್ಕೂ 200, ಅಂದರೆ ‘ಕೋರಿಕೆ ಈಡೇರಿದೆ’ ಎಂದೇ ಉತ್ತರ ಹೋಗಿದೆ. ಸರ್ವರ್ ಹ್ಯಾಕ್ ಆಗಿದೆಯೇ? ಎಲ್ಲವನ್ನೂ ಅಳಿಸಿ ಹೊಸದಾಗಿ ಇನ್‌ಸ್ಟಾಲ್ ಮಾಡಬೇಕೇ?

ಉತ್ತರ: ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ, ಕೇಳುವವರಲ್ಲಿ ಹೆಚ್ಚಿನವರು ಲಾಗ್‌ನ ಆ ಸಾಲನ್ನು ಕೊನೆಯವರೆಗೆ ಓದಿರುವುದಿಲ್ಲ. ಪ್ರಾಕ್ಸಿ ಎಂದರೆ ಬೇರೆಯವರ ಕೋರಿಕೆಯನ್ನು ಇನ್ನೊಂದು ತಾಣಕ್ಕೆ ದಾಟಿಸಿ, ಉತ್ತರವನ್ನು ತಂದುಕೊಡುವ ಮಧ್ಯವರ್ತಿ. ಅದು ಮುಚ್ಚಿರುವ ಅಪಾಚೆ ಕೂಡ, ಕೇಳಿದ ಹೆಸರಿನ ವರ್ಚುವಲ್ ಹೋಸ್ಟ್ (ಒಂದೇ ಸರ್ವರ್‌ನಲ್ಲಿ ಇರಿಸಿದ ತಾಣಗಳಲ್ಲೊಂದು) ತನ್ನಲ್ಲಿಲ್ಲದಿದ್ದಾಗ, ಮೊದಲ ವರ್ಚುವಲ್ ಹೋಸ್ಟ್‌ನ ಪುಟವನ್ನೇ ಕೊಟ್ಟು 200 ಎಂದು ಬರೆದುಕೊಳ್ಳುತ್ತದೆ. ಹಾಗಾಗಿ 200ರ ಪಕ್ಕದಲ್ಲಿರುವ ಬೈಟ್ ಸಂಖ್ಯೆಯನ್ನು ನೋಡಿ. ಅದು ನಿಮ್ಮದೇ ಮುಖಪುಟದ ಗಾತ್ರಕ್ಕೆ ಸರಿಹೊಂದಿದರೆ ಯಾರೋ ಬಾಗಿಲು ತಟ್ಟಿ ನೋಡಿದ್ದಾರೆ, ಅಷ್ಟೇ. ಅನುಮಾನ ಉಳಿದರೆ, ಕಚೇರಿಯ ನೆಟ್‌ವರ್ಕ್‌ನ ಹೊರಗಿನಿಂದ, ಉದಾಹರಣೆಗೆ ಮೊಬೈಲ್ ಡೇಟಾದಿಂದ, ನಿಮ್ಮ ಸರ್ವರನ್ನೇ ಪ್ರಾಕ್ಸಿಯಾಗಿ ಕೊಟ್ಟು ಕರ್ಲ್ ಎಂಬ ಕಮಾಂಡ್ ಮೂಲಕ ಬೇರೊಂದು ತಾಣವನ್ನು ತರಿಸಿ ನೋಡಿ. ಆ ತಾಣದ ಪುಟ ಬಂದರೆ ಪ್ರಾಕ್ಸಿ ಊರಿಗೆಲ್ಲ ತೆರೆದಿದೆ ಎಂದರ್ಥ. ನಿಮ್ಮ ವಿಳಾಸದಿಂದ ಸ್ಪ್ಯಾಮ್ ಹೋಗಬಹುದು, ಒಳಗಿನ ನೆಟ್‌ವರ್ಕ್‌ನ ಅಡ್ಮಿನ್ ಪುಟಗಳೂ ಹೊರಗಿನವರ ಕೈಗೆ ಸಿಗಬಹುದು.

ಆಗಲೂ ಹೊಸದಾಗಿ ಇನ್‌ಸ್ಟಾಲ್ ಮಾಡುವ ಅಗತ್ಯವಿಲ್ಲ. ಇದಕ್ಕೆ ಸಾಮಾನ್ಯ ಕಾರಣ, ಯಾವುದೋ ವಿಡಿಯೊ ನೋಡಿ ಕಾನ್ಫಿಗ್ ಫೈಲ್‌ಗೆ ನಕಲು ಮಾಡಿದ ‘ಪ್ರಾಕ್ಸಿರಿಕ್ವೆಸ್ಟ್ಸ್ ಆನ್’ ಎಂಬ ಸಾಲು. ಒಳಗಿನ ಅಪ್ಲಿಕೇಶನ್‌ಗೆ ಕೋರಿಕೆ ದಾಟಿಸುವ ‘ಪ್ರಾಕ್ಸಿಪಾಸ್’ಗೆ ಅದು ಬೇಕಾಗಿಯೇ ಇಲ್ಲ, ಆದ್ದರಿಂದ ‘ಆಫ್’ ಮಾಡಿ. ತಮ್ಮವರ ಕೋರಿಕೆಗಳನ್ನು ಹೊರಗಿನ ತಾಣಗಳಿಗೆ ದಾಟಿಸುವ ಫಾರ್ವರ್ಡ್ ಪ್ರಾಕ್ಸಿ ನಿಜವಾಗಿಯೂ ಬೇಕಿದ್ದವರು ‘ಪ್ರಾಕ್ಸಿ’ ಬ್ಲಾಕ್‌ನೊಳಗೆ ‘ರಿಕ್ವೈರ್ ಐಪಿ’ ಬರೆದು ತಮ್ಮ ವಿಳಾಸಗಳಿಗಷ್ಟೇ ಅನುಮತಿ ಕೊಡಬೇಕು. ಅಪಾಚೆ 2.2ರ ಕಾಲದ ‘ಆರ್ಡರ್’, ‘ಡಿನೈ’ ಸಾಲುಗಳನ್ನು 2.4ರಲ್ಲಿ ಅದರೊಂದಿಗೆ ಬೆರೆಸಬೇಡಿ. ಹೊರಗಿನವರ ಕೋರಿಕೆಯಿಂದಲೇ ಗುರಿಯ ವಿಳಾಸವನ್ನು ಕಟ್ಟುವ, ‘ಪಿ’ (ಪ್ರಾಕ್ಸಿ) ಫ್ಲ್ಯಾಗ್ ಇರುವ ರಿರೈಟ್ (ವಿಳಾಸ ಬದಲಿಸುವ) ನಿಯಮವನ್ನೂ ಹುಡುಕಿ ತೆಗೆಯಿರಿ, ಏಕೆಂದರೆ ‘ಆಫ್’ ಮಾಡಿದರೂ ಅದು ಪ್ರಾಕ್ಸಿಯಾಗಿಯೇ ಕೆಲಸ ಮಾಡುತ್ತದೆ. ಅಪಾಚೆ ಆವೃತ್ತಿ 2.4.48 ಅಥವಾ ಅದಕ್ಕಿಂತ ಹಳೆಯದಾಗಿದ್ದರೆ ಇವತ್ತೇ ಅಪ್‌ಡೇಟ್ ಮಾಡಿ: ಹೊರಗಿನವರು ಹೇಳಿದ ಸರ್ವರ್‌ಗೆ ಕೋರಿಕೆ ಕಳಿಸುವಂಥ ದೋಷ ಅದರ ಪ್ರಾಕ್ಸಿ ಮಾಡ್ಯೂಲ್‌ನಲ್ಲಿದೆ. ಮುಚ್ಚಿದ ಮೇಲೂ ಕೋರಿಕೆಗಳು ಕೆಲವು ಕಾಲ ಬರುತ್ತಲೇ ಇರುತ್ತವೆ, ಏಕೆಂದರೆ ನಿಮ್ಮ ವಿಳಾಸ ತೆರೆದ ಪ್ರಾಕ್ಸಿಗಳ ಪಟ್ಟಿಗಳಲ್ಲಿ ಸೇರಿರುತ್ತದೆ. ಹೊರಗಿನಿಂದ ಮತ್ತೊಮ್ಮೆ ಪರೀಕ್ಷಿಸಿದಾಗ ಬೇರೆ ತಾಣದ ಪುಟ ಬಾರದಿದ್ದರೆ ಅವುಗಳ ಬಗ್ಗೆ ಚಿಂತೆ ಬೇಡ.

ಪ್ರಶ್ನೆ: ನಮ್ಮಲ್ಲಿರುವುದು ಸ್ಕ್ವಿಡ್ ಎಂಬ ಪ್ರಾಕ್ಸಿ ತಂತ್ರಾಂಶ. ಅದರ 3128 ಪೋರ್ಟ್ ಬದಲಿಸಿದರೆ ಸಾಕೇ?

ಉತ್ತರ: ಸಾಲದು, ತೆರೆದ ಪ್ರಾಕ್ಸಿ ಹುಡುಕುವ ಸ್ಕ್ಯಾನರ್‌ಗಳು ಬೇರೆ ಪೋರ್ಟ್‌ಗಳನ್ನೂ ನೋಡುತ್ತವೆ.

ಪ್ರಶ್ನೆ: ‘ನೂರಕ್ಕೆ ನೂರು ಪ್ರಾಕ್ಸಿ ರಕ್ಷಣೆ’ ಕೊಡುತ್ತೇವೆನ್ನುವ ಪ್ಲಗಿನ್ ಕೊಳ್ಳಬಹುದೇ?

ಉತ್ತರ: ಬೇಡ. ಅಂಥ ಭರವಸೆ ಮಾರುವವರು ನಿಮ್ಮ ಕಾನ್ಫಿಗ್ ಫೈಲ್ ತೆರೆದೂ ನೋಡಿರುವುದಿಲ್ಲ.